ನೂರು ಶೇರಿನ ಮಾಲಕ

ಮನೆಮಂದಿಯ ಕಂಪನಿಯ ಶೇರು ಮಾರಿ, ಅದನ್ನು ಇನ್‌ಕಮ್ ಟ್ಯಾಕ್ಸ್ ರಿಟರ್ನಿನಲ್ಲಿ ತೋರಿಸಲು ಬಂದು, ನನ್ನ ಮೇಜಿನ ಎದುರು ಕೂತು ಮರ್ಯಾದೆ ಕಳೆದುಕೊಳ್ಳುವವರು ವರ್ಷಕ್ಕೊಬ್ಬರಾದರೂ ಇದ್ದೇ ಇರುತ್ತಾರೆ. ಜುಲೈ ತಿಂಗಳಲ್ಲಿ ಪುಣೆಗೆ ಮಳೆ ತಪ್ಪಿದರೂ ತಪ್ಪೀತು, ಇದು ಮಾತ್ರ ತಪ್ಪುವುದಿಲ್ಲ.

ಶೇರು ಅಂದರೆ ಟಿವಿಯಲ್ಲಿ ಕೆಂಪಾಗಿ ಹಸಿರಾಗಿ ಓಡುವ ಶೇರಲ್ಲ. ಅದನ್ನು ಯಾರು ಬೇಕಾದರೂ ಮಾರುತ್ತಾರೆ, ಮೊಬೈಲಿನ ಮೇಲೆ ಹೆಬ್ಬೆರಳು ಒತ್ತಿದರೆ ಆಯಿತು. ನಾನು ಹೇಳುವುದು ಪ್ರೈವೇಟ್ ಲಿಮಿಟೆಡ್ ಶೇರಿನ ಮಾತು. ಅಣ್ಣ ತಮ್ಮ ಕೂಡಿಯೋ, ಅಕ್ಕನ ಗಂಡ ಮತ್ತು ಹೆಂಡತಿಯ ತಮ್ಮ ಕೂಡಿಯೋ ಮಾಡಿಕೊಂಡ ಕಂಪನಿ. ಅದಕ್ಕೆ ಸಂತೆಯೂ ಇಲ್ಲ, ರೇಟೂ ಇಲ್ಲ. ಕೊಂಡವರಿಗೆ ಕೊಟ್ಟವರೇ ಗತಿ, ಕೊಟ್ಟವರಿಗೆ ಕೊಂಡವರೇ ಗತಿ.

ನಮ್ಮ ಆಫೀಸು ಸದಾಶಿವ ಪೇಠಿನ ಹಳೇ ವಾಡೆಯೊಂದರ ಮೊದಲ ಮಹಡಿಯಲ್ಲಿದೆ. ಸಾಹೇಬರು ತೆರಿಗೆ ಸಲಹೆಗಾರರು. ಅವರ ಅಜ್ಜ ಧಾರವಾಡ ಕಡೆಯಿಂದ ಬಂದವರಂತೆ. ಹಾಗಾಗಿ ಸಾಹೇಬರದು ಮನೆಯೊಳಗೆ ಕನ್ನಡ, ಮೆಟ್ಟಿಲಿಳಿದರೆ ಮರಾಠಿ, ಫೀ ಕೇಳುವಾಗ ಇಂಗ್ಲಿಷ್. ಕನ್ನಡದವರ ಫೈಲೆಲ್ಲ ನನ್ನ ಮೇಜಿಗೆ ಬರುತ್ತದೆ. ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ಹೇಳುತ್ತೇನೆ: ಜಮಖಂಡಿ ಕಡೆಯ ನಮ್ಮ ಹಳ್ಳಿಯಲ್ಲಿ ಬಿ.ಕಾಂ. ಫಸ್ಟ್ ಕ್ಲಾಸ್ ಬಂದವನು ನಾನೊಬ್ಬನೇ. ನಮ್ಮಪ್ಪ ದನದ ಸಂತೆಯ ದಲಾಲಿ. ಎತ್ತಿನ ಹಲ್ಲು ನೋಡಿ ವಯಸ್ಸು ಹೇಳುವ ಮನೆತನ ನಮ್ಮದು. ನಾನು ಬ್ಯಾಲೆನ್ಸ್ ಶೀಟ್ ನೋಡಿ ಕಂಪನಿ ಇನ್ನೆಷ್ಟು ದಿನ ಬದುಕುತ್ತದೆ ಅಂತ ಹೇಳುತ್ತೇನೆ.

ಇನ್ನೂ ಒಂದು ಮಾತು. ನಾನು ಬರೀ ನೌಕರನಾಗಿರಲಿಲ್ಲ. ಐದು ವರ್ಷದ ಹಿಂದೆ ಸಾಹೇಬರು ಆಫೀಸನ್ನೇ ಪ್ರೈವೇಟ್ ಲಿಮಿಟೆಡ್ ಮಾಡಿದಾಗ, ದೀಪಾವಳಿ ಬೋನಸ್ ಹತ್ತು ಸಾವಿರ ಕೈಗೆ ಕೊಡುವ ಬದಲು ಅದರ ಲೆಕ್ಕಕ್ಕೆ ನೂರು ಶೇರು ನನ್ನ ಹೆಸರಿಗೆ ಬರೆದರು. "ಇವತ್ತಿಂದ ನೀನೂ ಮಾಲಕ," ಅಂದರು. ಅವತ್ತು ಸಂಜೆ ಊರಿಗೆ ಫೋನು ಹೋಯಿತು, ಅವ್ವ ಓಣಿಗೆಲ್ಲ ಪೇಡೆ ಹಂಚಿದಳು. ಆಮೇಲೆ ನಾನು ಊರಿಗೆ ಹೋದಾಗಲೆಲ್ಲ ಗುಡಿಯ ಕಟ್ಟೆಯ ಮೇಲೆ ಕೂತವರು ಎದ್ದು ಜಾಗ ಬಿಡತೊಡಗಿದರು. ನಾನೂ ಬೇಡ ಅನ್ನಲಿಲ್ಲ.

ಪುಣೆಯ ಕ್ಯಾಂಪ್ ಬಡಾವಣೆಯಲ್ಲಿರುವ ನಮ್ಮ ಕಡೆಯ ಹಿರಿಯರೊಬ್ಬರು, ಗುಮಾಸ್ತಿಕೆಯಿಂದ ನಿವೃತ್ತರಾದವರು, ತಮ್ಮ ಮಗಳನ್ನು ನನಗೆ ಕೊಡಲು ಒಪ್ಪಿದರು. ಹುಡುಗಿಯ ತಾಯಿ ಒಂದೇ ಷರತ್ತು ಹಾಕಿದರು: ಲಗ್ನಕ್ಕೆ ಮೊದಲು ಬೇರೆ ಮನೆ ಆಗಬೇಕು. ನಾನಾಗ ಊರಂಚಿನ ಕೊಂಢವಾ ಬಡಾವಣೆಯ ಒಂದು ಖೋಲಿಯಲ್ಲಿ ಗಾರೆ ಕೆಲಸದ ಮೇಸ್ತ್ರಿಗಳ ಜೊತೆ ಮಲಗುತ್ತಿದ್ದೆ. ಅಲ್ಲೇ ಬಾಡಿಗೆಗೆ ಒಂದು ಚಿಕ್ಕ ಫ್ಲ್ಯಾಟು ನೋಡಿದೆ, ಡಿಪಾಜಿಟ್ ಬೇಕಿತ್ತು. ನೂರು ಶೇರು ಮಾರಿದರೆ ಡಿಪಾಜಿಟ್ಟೂ ಆಯಿತು, ಲಗ್ನವೂ ಆಯಿತು ಅಂದುಕೊಂಡೆ. ಇಷ್ಟು ಜನರ ಶೇರು ಮಾರಾಟ ಕಂಡವನಿಗೆ ತನ್ನದೊಂದು ಮಾರುವುದು ಏನು ದೊಡ್ಡ ಮಾತು?

ಆ ಇಷ್ಟು ಜನರಲ್ಲಿ ಮೂವರ ಕಥೆ ಮೊದಲು ಕೇಳಿ.

ಟವೆಲ್ ಕೆಳಗಿನ ರೇಟು

ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ಸಾವ್ಕಾರರು ವಿಜಯಪುರ ಕಡೆಯವರು. ಹೆಂಡತಿಯ ತಮ್ಮನ ಜೊತೆ ಖಾರದ ಪುಡಿ ಕಂಪನಿ ನಡೆಸುತ್ತಿದ್ದರು. ತಮ್ಮ ಪಾಲಿನ ಶೇರನ್ನೆಲ್ಲ ಆ ಭಾವಮೈದುನನಿಗೇ ಮಾರಿ, ರಿಟರ್ನ್ ತುಂಬಿಸಲು ಬಂದಿದ್ದರು.

"ಎಷ್ಟಕ್ಕ ಮಾರಿದ್ರಿ ಸಾವ್ಕಾರ್ರ?"

"ಮಾರೀನಿ."

"ಅದು ಗೊತ್ತಾತ್ರಿ. ಎಷ್ಟಕ್ಕ?"

"ವಾಜವಿ ರೇಟಿಗೆ."

"ವಾಜವಿ ಅಂದ್ರ ಎಷ್ಟ್ರಿ?"

ಸಾವ್ಕಾರರು ಬಾಗಿಲ ಕಡೆ ನೋಡಿದರು, ಕಿಟಕಿ ಕಡೆ ನೋಡಿದರು, ಆಮೇಲೆ ನನ್ನನ್ನು ಕನಿಕರದಿಂದ ನೋಡಿದರು. "ತಮ್ಮಾ, ಅದು ಟವೆಲ್ ಕೆಳಗ ಆಗೇದ. ಟವೆಲ್ ಕೆಳಗ ಆದ ರೇಟು ಬಾಯಿಲೆ ಹೇಳೂದಿಲ್ಲ. ನನ್ನ ಹೇಣ್ತಿಗೇ ಹೇಳಿಲ್ಲ."

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆ ದನದ ಸಂತೆಯಲ್ಲಿ ವ್ಯಾಪಾರ ಬಾಯಲ್ಲಿ ಆಗುವುದಿಲ್ಲ. ಇಬ್ಬರೂ ಕೈ ಕೂಡಿಸಿ ಮೇಲೊಂದು ಟವೆಲ್ ಹಾಕಿ, ಒಬ್ಬರ ಬೆರಳು ಒಬ್ಬರು ಹಿಡಿದು ರೇಟು ಹೇಳುತ್ತಾರೆ. ಸುತ್ತ ನಿಂತವರಿಗೆ ಟವೆಲ್ ಅಲ್ಲಾಡುವುದಷ್ಟೇ ಕಾಣುತ್ತದೆ. ಇವರು ಕಂಪನಿಯ ಶೇರನ್ನೂ ಹೋರಿಯ ಹಾಗೆ ಮಾರಿದ್ದರು.

"ಸರ್ಕಾರಕ್ಕ ಹೇಳಬೇಕಾಗ್ತದರಿ," ಅಂದೆ.

"ಸರ್ಕಾರ ಸಂತೀಗೆ ಬಂದಿತ್ತೇನು?"

ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆಸಿ ನೋಡಿದೆ. ಇಬ್ಬರ ನಡುವೆ ವರ್ಷವಿಡೀ ದುಡ್ಡು ಓಡಾಡಿತ್ತು. ಮೆಣಸಿನಕಾಯಿಯದು ಯಾವುದು, ಲಾರಿ ಬಾಡಿಗೆ ಯಾವುದು, ಶೇರಿನದು ಯಾವುದು, ಬ್ರಹ್ಮನಿಗೂ ಬಿಡಿಸಲಾಗದು. ಸಾಹೇಬರು ಊಟಕ್ಕೆ ಮನೆಗೆ ಹೋಗಿದ್ದರು. ಅವರ ಕುರ್ಚಿಯ ಬೆನ್ನಿಗೆ ಬಿಳೀ ಟವೆಲ್ ಹಾಸಿತ್ತು. ನಾನು ದಲಾಲಿಯ ಮಗ. ಟವೆಲ್ ಎಳೆದುಕೊಂಡೆ, ಕೈ ಮುಂದೆ ಚಾಚಿ ಮೇಲೆ ಹೊದಿಸಿದೆ. "ಹಂಗಾದ್ರ ಕೈ ಕೊಡ್ರಿ ಸಾವ್ಕಾರ್ರ."

ಅವರ ಮುಖ ಅರಳಿದ್ದು ನೋಡಬೇಕಿತ್ತು. ಕೈ ಕೊಟ್ಟರು. ಬೆರಳು ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಎಡಗೈಯಿಂದ ಆ ರೇಟನ್ನು ಕಂಪ್ಯೂಟರಿನಲ್ಲಿ ಹೊಡೆದುಕೊಂಡೆ.

"ಭಾಳ ಅಗ್ಗ ಆತಲ್ರಿ," ಅಂದೆ.

"ಭಾವಮೈದುನ ಅಲ್ಲೇನು."

"ಸರ್ಕಾರಕ್ಕ ಭಾವಮೈದುನ ಇಲ್ರಿ. ಎತ್ತು ಹತ್ತಕ್ಕ ಕೊಟ್ಟೀನಿ ಅಂತ ನೀವು ಅಂದ್ರ, ಅದು ಹಲ್ಲು ನೋಡಿ, ಕೋಡು ನೋಡಿ, ಇದು ಮೂವತ್ತರ ಎತ್ತು ಅಂತದ. ಹಂಗ ಕಂಪನಿ ಆಸ್ತಿ ಎಣಿಸಿ ತಾನೇ ಒಂದು ರೇಟು ಹಚ್ಚತದ. ನಿಮ್ಮ ರೇಟು ಅದಕ್ಕಿಂತ ಕಡಿಮಿ ಇದ್ರ, ತೆರಿಗಿ ಅದರ ರೇಟಿಗೆ."

"ಅಂದ್ರ, ಬರದ ದುಡ್ಡಿಗೂ ತೆರಿಗಿ?"

"ಬರದ ದುಡ್ಡಿಗೂ."

"ಇಂಥಾದಕ್ಕ ಯಾವ ಹುಚ್ಚ ಸೈ ಹಾಕ್ತಾನ ತಮ್ಮಾ?" ಅಂತ ಕೇಳಿ, ಆಮೇಲೆ ತಾವೇ ಹಾಕಿದ್ದು ನೆನಪಾಗಿ ಟೋಪಿ ಸರಿಮಾಡಿಕೊಂಡರು. ಹೋಗುವಾಗ ಮಾತ್ರ ಸಮಾಧಾನದಿಂದಿದ್ದರು. "ಆದ್ರೂ ನಾ ಬಾಯಿ ಬಿಟ್ಟು ಹೇಳಿಲ್ಲ ನೋಡು," ಅಂದರು.

ಟವೆಲ್ಲನ್ನು ಇದ್ದ ಹಾಗೇ ಕುರ್ಚಿಗೆ ಹಾಸಿದ್ದೆ. ಬೆಳಿಗ್ಗೆಯಿಂದ ಬ್ಯಾಡಗಿ ಮೆಣಸಿನಕಾಯಿಯ ಚೀಲದಲ್ಲಿ ಆಡಿದ ಕೈ ಅದು ಅಂತ ನನಗೂ ಹೊಳೆಯಲಿಲ್ಲ. ಸಾಹೇಬರು ಮಧ್ಯಾಹ್ನದ ನಿದ್ದೆ ಮುಗಿಸಿ ಬಂದರು, ಮುಖ ತೊಳೆದರು, ಟವೆಲ್ಲಿನಿಂದ ಕಣ್ಣು ಚೆನ್ನಾಗಿ ಒರೆಸಿಕೊಂಡರು. ಅವತ್ತು ಸಂಜೆ ಬಂದ ಕಕ್ಷಿದಾರರೆಲ್ಲ, ತಮ್ಮ ತೆರಿಗೆ ನೋಡಿ ಸಾಹೇಬರೇ ಇಷ್ಟು ಅಳುತ್ತಿದ್ದಾರಲ್ಲ ಅಂತ, ಫೀ ಚೌಕಾಸಿ ಮಾಡದೆ ಕೊಟ್ಟು ಹೋದರು.

ಉಂಡು ತೀರಿಸುವ ವ್ಯವಹಾರ

ಎರಡನೆಯವರು ಕ್ಯಾಂಪಿನಲ್ಲಿ ಹೋಟೆಲು ಇಟ್ಟ ಅಣ್ಣ ತಮ್ಮಂದಿರಲ್ಲಿ ತಮ್ಮ. ಕರಾವಳಿಯವರು, ತಣ್ಣಗಿನ ಮನುಷ್ಯ. ದಣಿದಿದೆ, ಇನ್ನು ಸಾಕು ಅಂತ ತಮ್ಮ ಶೇರನ್ನು ಅಣ್ಣನಿಗೆ ಬರೆದುಕೊಟ್ಟಿದ್ದರು.

"ದುಡ್ಡು ಯಾವಾಗ ಬಂತ್ರಿ?"

"ದುಡ್ಡು ಎಂತದು ಮಾರಾಯ್ರೆ, ಬರ್ಲಿಲ್ಲ."

"ಶೇರು?"

"ಅದು ಅಣ್ಣನ ಹೆಸ್ರಿಗೆ ಆಯ್ತು. ಸೈನು ಹಾಕಿ ಆರು ತಿಂಗ್ಳಾಯ್ತು."

"ಹಂಗಾದ್ರ ತೆರಿಗಿ ಕಟ್ಟಬೇಕ್ರಿ."

"ಬರದ ದುಡ್ಡಿಗೆ ಎಂತ ತೆರಿಗೆ?"

"ಶೇರು ಕೈ ಬಿಟ್ಟ ದಿನಾನೇ ತೆರಿಗಿ ಹುಟ್ಟತದ. ದುಡ್ಡು ಯಾವಾಗ ಬಂತು ಅನ್ನೂದು ನಿಮ್ಮ ಹಣೇಬರ. ಅಣ್ಣಾರ ಕಡೆ ಕೇಳ್ರಲ್ಲ."

ಅವರು ಹೌಹಾರಿದರು. "ಅಣ್ಣನ ಹತ್ರ ಕೇಳ್ಲಿಕ್ಕೆ ಆಗ್ತದಾ? ಬೇಸರ ಮಾಡ್ಕೊಳ್ತಾನೆ. ಕೊಡ್ತೇನೆ ಅಂದಿದ್ದಾನೆ ಮಾರಾಯ್ರೆ, ಬಾಯಿ ಬಿಟ್ಟು ಹೇಳಿದ್ದಾನೆ."

"ಅಲ್ಲಿತನಕ?"

"ಅಲ್ಲಿವರೆಗೆ ದಿನಾ ಹೋಟ್ಲಿಗೆ ಹೋಗಿ ಊಟ ಮಾಡಿ ಬರ್ತೇನೆ. ಬಿಲ್ಲು ಕೊಡೂದಿಲ್ಲ. ಅದು ಬಡ್ಡಿ ಅಂತ ನನ್ನ ಲೆಕ್ಕ."

"ಅಣ್ಣಾರಿಗೆ ಗೊತ್ತದ ಏನು, ಅದು ಬಡ್ಡಿ ಅಂತ?"

"ಇಲ್ಲ. ಅವ ಪ್ರೀತಿಯಿಂದ ಬಡಿಸ್ತಾನೆ."

ನನಗೆ ತಡೆಯಲಾಗಲಿಲ್ಲ. ಬಾಯಿಮಾತಿನ ಮೇಲೆ ಶೇರು ಬರೆದುಕೊಡುವವನಷ್ಟು ದಡ್ಡ ನಮ್ಮ ಹಳ್ಳಿಯ ದನದ ಸಂತೆಯಲ್ಲೂ ಸಿಗುವುದಿಲ್ಲ, ದುಡ್ಡು ಎಣಿಸಿದ ಮೇಲೇ ಹಗ್ಗ ಬಿಡಬೇಕು, ಇತ್ಯಾದಿ ಇತ್ಯಾದಿ. ಗಂಟಲು ಒಣಗುವವರೆಗೂ ಹೇಳಿದೆ. ಅವರು ತಲೆಯಾಡಿಸುತ್ತ ಕೇಳಿದರು, ಹೋದರು. ತಿಂಗಳ ಕೊನೆಗೆ ತೆರಿಗೆ ಕಟ್ಟಿ ಚಲನ್ ತಂದು ನನ್ನ ಮುಂದಿಟ್ಟರು.

"ನೋಡ್ರಿ, ಬಾಯಿ ಬಿಟ್ಟು ಕೇಳಿದ್ರ ಅಣ್ಣಾರು ಕೊಟ್ರೋ ಇಲ್ಲೋ?"

"ಕೊಟ್ಟ, ಕೊಟ್ಟ. ಸಾಲ ಅಂತ ಕೊಟ್ಟ. ಬಡ್ಡಿ ಮಾತ್ರ ಕಡಿಮೆ ಹಾಕಿದ್ದಾನೆ ಮಾರಾಯ್ರೆ. ತಮ್ಮ ಅಲ್ವಾ."

ಎಂಟು ವರ್ಷದ ಎಫ್‌ಡಿ

ಮೂರನೆಯವ ಬೆಂಗಳೂರು ಕಡೆಯ ಕಂಪ್ಯೂಟರ್ ಹುಡುಗ. ಹೊಸ ಕಂಪನಿಯೊಂದು ಇವನ ಸಂಬಳದ ಜೊತೆ ಶೇರನ್ನೂ ಕೊಟ್ಟಿತ್ತು. ಕೊಡುವಾಗ ಅದಕ್ಕೆ ಮುಗಿಲು ಮುಟ್ಟುವ ಬೆಲೆ ಕಟ್ಟಿ, ಅಷ್ಟು ಬೆಲೆಯ ವಸ್ತು ನಿನಗೆ ಸಿಕ್ಕಿತಲ್ಲ ಅಂತ ಸಂಬಳದಲ್ಲಿ ತೆರಿಗೆ ಹಿಡಿದುಕೊಂಡರು. ಮೂರು ವರ್ಷಕ್ಕೆ ಕಂಪನಿ ಮಲಗಿತು. ಕಂಪನಿ ಕಟ್ಟಿದವನೇ ಬಂದು ಇವನ ಶೇರನ್ನು ಚಿಲ್ಲರೆ ಕಾಸಿಗೆ ವಾಪಸ್ ಕೊಂಡುಕೊಂಡ. ಈ ಹುಡುಗ ಮಾರಿದ ದಿನ ಗೆಳೆಯರಿಗೆ ಪಾರ್ಟಿ ಕೊಟ್ಟಿದ್ದ. ಪಾರ್ಟಿಯ ಬಿಲ್ಲು ಶೇರಿಗೆ ಬಂದದ್ದಕ್ಕಿಂತ ದೊಡ್ಡದಾಗಿತ್ತಂತೆ.

"ಬ್ರೋ, ನಾನೇ ರಿಟರ್ನ್ ಫೈಲ್ ಮಾಡಿದೆ. ತುಂಬಾ ಈಸಿ ಇತ್ತು. ಈಗ ನೋಡಿದ್ರೆ ನೋಟಿಸ್ ಕಳ್ಸಿದಾರೆ."

ನೋಡಿದರೆ ಎಲ್ಲಕ್ಕಿಂತ ಸಣ್ಣ ಫಾರ್ಮ್ ತುಂಬಿದ್ದಾನೆ, ಬರೀ ಸಂಬಳದವರು ತುಂಬುವಂಥದ್ದು. ಅದರಲ್ಲಿ ಇಂಥ ಶೇರಿಗೆ ಜಾಗವೇ ಇಲ್ಲ. "ಇದರಾಗ ಶೇರು ಎಲ್ಲಿ ತೋರಿಸೀರಿ?"

"ಜಾಗ ಇರ್ಲಿಲ್ಲ, ಅದಕ್ಕೇ ಬಿಟ್ಬಿಟ್ಟೆ. ಹೆಂಗೂ ಲಾಸ್ ಅಲ್ವಾ ಬ್ರೋ. ಲಾಸ್ ಹೇಳಿದ್ರೆ ಅವ್ರಿಗೇ ಬೇಜಾರು."

ದೊಡ್ಡ ಫಾರ್ಮ್ ತೆಗೆದು ಮೊದಲಿನಿಂದ ತುಂಬಿದೆ. ಆಗ ಕಟ್ಟಿದ ಬೆಲೆಯಿಂದ ಲೆಕ್ಕ ಹಾಕಿ ನಷ್ಟದ ಮೊತ್ತ ಹೊಡೆದೆ, ಸೊನ್ನೆ ಹೆಚ್ಚಾಯಿತೇನೋ ಅಂತ ಎರಡು ಸಲ ಎಣಿಸಿದೆ.

"ಆ ಶೇರಿಗೆ ಅಂತ ಸಂಬ್ಳದಲ್ಲಿ ಹಿಡಿದ ಟ್ಯಾಕ್ಸು ವಾಪಸ್ ಕೊಡ್ತಾರಾ?"

"ಇಲ್ಲ."

"ಈ ಲಾಸ್‌ನ ಸ್ಯಾಲರಿಯಲ್ಲಿ ಕಳೀಬಹುದಾ?"

"ಇಲ್ಲ. ಮುಂದ ಎಂದಾದ್ರೂ ಶೇರೋ ಜಾಗಾನೋ ಮಾರಿ ಲಾಭ ಆದ್ರ ಅದರಾಗ ಕಳೀಬಹುದು. ಎಂಟು ವರ್ಷತನಕ ಹೊತ್ಕೊಂಡು ತಿರಗಬಹುದು."

"ಅಂದ್ರೆ ಈ ಲಾಸ್ ಉಪಯೋಗಕ್ಕೆ ಬರ್ಬೇಕು ಅಂದ್ರೆ ನಾನು ಮತ್ತೆ ಶೇರು ತಗೋಬೇಕು?"

"ಹೌದು."

ಹುಡುಗ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತ. ಈ ಶೇರು ನಂಬಿಕೊಂಡು ಅವನ ಅಪ್ಪ ಊರಲ್ಲಿ ಮನೆಯ ಮೇಲೆ ಇನ್ನೊಂದು ಮಹಡಿ ಎಬ್ಬಿಸಲು ಇಟ್ಟಿಗೆ ಹಾಕಿಸಿದ್ದರಂತೆ. ಆಮೇಲೆ ಹುಡುಗನ ಮುಖ ಬೆಳಗಿತು.

"ಬ್ರೋ, ಒಂದು ಕೆಲ್ಸ ಮಾಡ್ತೀನಿ. ಅಪ್ಪಂಗೆ ಫೋನ್ ಮಾಡಿ, ದುಡ್ಡು ಎಂಟು ವರ್ಷ ಎಫ್‌ಡಿಯಲ್ಲಿ ಲಾಕ್ ಆಗಿದೆ, ಗೌರ್ಮೆಂಟ್ ಹತ್ರಾನೇ ಇದೆ ಅಂತ ಹೇಳ್ಬಿಡ್ತೀನಿ."

ಸುಳ್ಳೇನಲ್ಲ ನೋಡಿ.

ಗಿರಾಕಿ ಹುಡುಕಿದ್ದು

ಈಗ ನನ್ನ ಸರದಿ. ಕಂಪನಿ ಆದ ಮೇಲೆ ಸಾಹೇಬರು ಕಂಪನಿಯ ಹೆಸರಿನಲ್ಲಿ ವಾಡೆಯಲ್ಲಿ ಆಫೀಸಿರುವ ಮೂರು ಖೋಲಿ ಕೊಂಡಿದ್ದರು. ಸದಾಶಿವ ಪೇಠಿನ ಜಾಗ ಅಂದರೆ ಚಿನ್ನ. ಸರ್ಕಾರದ ರೀತಿಯಲ್ಲಿ ಆಸ್ತಿ ಎಣಿಸಿ ನೋಡಿದೆ, ನನ್ನ ನೂರು ಶೇರಿಗೆ ಮೂರು ಲಕ್ಷ ಬಂತು. ಎದೆಯುಬ್ಬಿಸಿ ಸಾಹೇಬರ ಖೋಲಿಗೆ ಹೋದೆ.

"ಶೇರು ಮಾರಬೇಕಂತೀನ್ರಿ ಸಾಹೇಬ್ರ. ಮೂರು ಲಕ್ಷ ಆಗ್ತದ."

"ಛಲೋ ಆತಲ್ಲ. ಗಿರಾಕಿ ಕರ್ಕೊಂಡ್ ಬಾ," ಅಂದರು, ಫೈಲಿನಿಂದ ತಲೆ ಎತ್ತದೆ.

ನಾನು ಯಾರ ಮಗ? ಗಿರಾಕಿ ಹುಡುಕುವುದು ನಮ್ಮ ರಕ್ತದಲ್ಲೇ ಇದೆ. ಮೊದಲು ಮಾರ್ಕೆಟ್ ಯಾರ್ಡಿಗೆ ಹೋದೆ. ಮೆಣಸಿನಕಾಯಿ ಸಾವ್ಕಾರರು ಚಹಾ ತರಿಸಿದರು.

"ವರ್ಷಕ್ಕ ಲಾಭದ ಪಾಲು ಏನರೆ ಬರ್ತದೇನು ತಮ್ಮಾ?"

"ಈತನಕ ಬಂದಿಲ್ರಿ."

"ನಿಮ್ಮ ಸಾಹೇಬ ನನ್ನ ಮಾತು ಕೇಳ್ತಾನೇನು?"

"ನೂರು ಶೇರಿಗೆ ಕೇಳೂದಿಲ್ರಿ."

"ನಾಳಿ ನನಗ ಬ್ಯಾಡಾದ್ರ ಯಾರಿಗೆ ಮಾರಲಿ?"

"ಸಾಹೇಬ್ರು ಒಪ್ಪಿದವರಿಗೆ."

"ಹೂಡಾಕ ಬರೂದಿಲ್ಲ, ಗಾಡಿ ಎಳಿಯೂದಿಲ್ಲ, ಮಾರಾಕೂ ಆಗೂದಿಲ್ಲ. ಇದು ಎತ್ತಲ್ಲ ತಮ್ಮಾ, ಎತ್ತಿನ ಫೋಟೋ."

ಅವರ ಹೆಗಲ ಮೇಲಿನ ಟವೆಲ್ಲನ್ನೇ ತೆಗೆದು ಕೈ ಮೇಲೆ ಹಾಕಿಕೊಂಡೆ. "ಬಾಯಿಲೆ ಬ್ಯಾಡ್ರಿ, ಬೆರಳಿಲೆ ಮಾತಾಡೂಣು." ಟವೆಲ್ ಕೆಳಗೆ ಅವರ ಕೈ ಸಿಗಲಿಲ್ಲ. ಅತ್ತ ಇತ್ತ ತಡಕಾಡಿದೆ. ಆಮೇಲೆ ನೋಡಿದರೆ ಅವರ ಎರಡೂ ಕೈ ಅಂಗಿಯ ಜೇಬಿನಲ್ಲಿದ್ದವು.

ಅಲ್ಲಿಂದ ಕ್ಯಾಂಪಿಗೆ ಹೋದೆ. ಹೋಟೆಲಿನ ತಮ್ಮ ಎಂದಿನಂತೆ ಬಡ್ಡಿ ಉಣ್ಣುತ್ತ ಕೂತಿದ್ದರು. ವಿಷಯ ಕೇಳಿ ಖುಷಿಯಾದರು. "ತಗೊಳ್ತೇನೆ ಮಾರಾಯ್ರೆ, ನಿಮಗೆ ಇಲ್ಲ ಅನ್ಲಿಕ್ಕೆ ಆಗ್ತದಾ? ದುಡ್ಡು ಮಾತ್ರ ಅಣ್ಣ ಕೊಟ್ಟ ಮೇಲೆ. ಅಲ್ಲಿವರೆಗೆ ನೀವೂ ದಿನಾ ಇಲ್ಲಿಗೇ ಊಟಕ್ಕೆ ಬನ್ನಿ."

ಕಂಪ್ಯೂಟರ್ ಹುಡುಗನಿಗೆ ಫೋನ್ ಮಾಡಿದೆ. "ಮತ್ತೆ ಶೇರು ತಗೋಬೇಕು ಅಂತಿದ್ರಲ್ಲ," ಅಂದೆ. "ಬ್ರೋ, ಒಂದು ಲಾಸ್‌ಗೆ ಎಂಟು ವರ್ಷ. ಎರಡಕ್ಕೆ ಹದಿನಾರು ಆಗುತ್ತಾ?" ಅಂದ. ಫೋನ್ ಇಟ್ಟೆ.

ಮತ್ತೆ ಸಾಹೇಬರ ಖೋಲಿಗೇ ಬಂದೆ. ಅವರಿಗೆ ಎಲ್ಲ ಗೊತ್ತಿತ್ತು, ನಗಲಿಲ್ಲ. ಅದು ಅವರ ದೊಡ್ಡತನ ಅಂದುಕೊಂಡೆ.

"ನಾನೇ ತಗೋತೀನಿ ಬಿಡು. ಮಗನ ಹೆಸರಿಗೆ. ಅವನೂ ಇನ್ನ ಕಂಪನಿಯೊಳಗ ಬರಬೇಕಲ್ಲ." ಅವರ ಮಗ ಮುಳಶಿ ಕಡೆ ಒಂದು ಶೆಡ್ಡಿನಲ್ಲಿ ಅಣಬೆ ಬೆಳೆಯುತ್ತಿದ್ದ. ಅಣಬೆ ಬೆಳೆಯುತ್ತಿರಲಿಲ್ಲ, ನಷ್ಟ ಬೆಳೆಯುತ್ತಿತ್ತು.

"ಮೂರು ಲಕ್ಷಕ್ಕೇನ್ರಿ?"

"ಹತ್ತು ಸಾವಿರಕ್ಕ. ನೀ ಕೊಟ್ಟಿದ್ದೂ ಅಷ್ಟೇ ಅಲ್ಲೇನು? ಉಳಿದದ್ದು ದೀಪಾವಳಿಗೆ ನೋಡೂಣು. ಡಿಪಾಜಿಟ್ಟಿನ ಚಿಂತಿ ಬಿಡು, ಪಗಾರದ ಮ್ಯಾಲ ಅಡ್ವಾನ್ಸ್ ಕೊಡ್ತೀನಿ. ತಿಂಗಳಾ ತಿಂಗಳಾ ಮುರ್ಕೋತೀನಿ."

ಒಂದು ಕೈ ನೋಡಿಯೇ ಬಿಡೋಣ ಅಂತ ಕುರ್ಚಿಯ ಬೆನ್ನ ಕಡೆ ಕೈ ಚಾಚಿದೆ. ಸಾಹೇಬರು ಎದ್ದು ಹಿಂದೆ ಸರಿದರು. "ಟವೆಲ್ ಮುಟ್ಟಬ್ಯಾಡ!"

ಹಾಗಾಗಿ ವ್ಯಾಪಾರ ಟವೆಲ್ ಇಲ್ಲದೆಯೇ ಆಯಿತು. ಫ್ಲ್ಯಾಟಿನವ ಬೇರೆಯವರಿಗೆ ಬೀಗದ ಕೈ ಕೊಡುವವನಿದ್ದ, ಹುಡುಗಿಯ ಮನೆಯಲ್ಲಿ ಮುಹೂರ್ತ ಹುಡುಕುತ್ತಿದ್ದರು. ಸೈ ಹಾಕಿದೆ, ಬೀಗದ ಕೈ ತಂದೆ. ಆ ದೀಪಾವಳಿಯೂ ಬಂದು ಹೋಗಿದೆ. ಉಳಿದದ್ದನ್ನು ಸಾಹೇಬರು ಅವಲಕ್ಕಿ ಚಿವಡಾದಲ್ಲಿ ಕೊಟ್ಟರು, ಅರ್ಧ ಕಿಲೋ.

ದೀಪಾವಳಿಗಿಂತ ಮೊದಲು ಜುಲೈ ಬಂತು. ನನ್ನ ರಿಟರ್ನ್ ನಾನೇ ತುಂಬಲು ಕೂತೆ. ಮಾರಿದ ಬೆಲೆ ಹತ್ತು ಸಾವಿರ ಅಂತ ಹೊಡೆದದ್ದಷ್ಟೇ, ಹಿಂದಿನಿಂದ ಸಾಹೇಬರ ಬೆರಳು ಬಂತು.

"ಹತ್ತಲ್ಲ, ಮೂರು ಲಕ್ಷ ಬರಿ. ಸಾವ್ಕಾರ್ರಿಗೆ ಒಂದು ಕಾಯ್ದೆ, ನಿನಗ ಒಂದು ಕಾಯ್ದೆ ಅದ ಏನು?"

"ಸಾಹೇಬ್ರ, ಮೂರು ಲಕ್ಷ ನೀವು ಕೊಟ್ಟಿಲ್ಲಲ್ರಿ."

"ಕೊಟ್ಟಿಲ್ಲ. ಆದ್ರ ಅದರ ಕಿಮ್ಮತ್ತು ಅದ. ನೀನೇ ಲೆಕ್ಕಾ ಮಾಡಿ ತಂದಿದ್ದಿ."

ಲೆಕ್ಕ ಬಹಳ ಚೊಕ್ಕ ಇತ್ತು. ಕೈಗೆ ಬಂದದ್ದು ಹತ್ತು ಸಾವಿರ, ತೆರಿಗೆ ಮೂವತ್ತಾರು ಸಾವಿರದ ಮೇಲೆ. ಇಂಥ ಅಗ್ಗದ ವ್ಯಾಪಾರದಲ್ಲಿ ಕೊಂಡವನೂ ಕೊಟ್ಟ ಬೆಲೆಗೂ ಸರ್ಕಾರದ ಬೆಲೆಗೂ ಇರುವ ಅಂತರವನ್ನು ತನ್ನ ಆದಾಯ ಅಂತ ತೋರಿಸಬೇಕು. ಅಷ್ಟರ ಮಟ್ಟಿಗೆ ಕಾನೂನು ನ್ಯಾಯವಂತ. ಸಾಹೇಬರ ಮಗ ತೋರಿಸಿದ. ಅವನ ಅಣಬೆಯ ನಷ್ಟ ಎಷ್ಟಿತ್ತೆಂದರೆ ನನ್ನ ಲಕ್ಷಗಳು ಅದರೊಳಗೆ ಬಿದ್ದ ಸದ್ದು ಕೂಡ ಕೇಳಲಿಲ್ಲ. ಅವನಿಗೆ ಒಂದು ಪೈಸೆ ತೆರಿಗೆ ಬರಲಿಲ್ಲ. ನಾನು ತೆರಿಗೆ ಕಟ್ಟಲು ಸಾಹೇಬರ ಹತ್ತಿರ ಮತ್ತೊಂದು ಅಡ್ವಾನ್ಸ್ ತೆಗೆದುಕೊಂಡೆ.

ಸಂಜೆ ಸಾಹೇಬರು ಬೆನ್ನು ಚಪ್ಪರಿಸಿದರು. "ರಿಟರ್ನಿನ ಫೀ ಪೂರ್ತಿ ತಗೊಳ್ಳೂದಿಲ್ಲ ನಾನು. ಸ್ಟಾಫಿಗೆ ಅರ್ಧ."

ಕೊನೆಯ ಪುಟ

ಈಗಿನ ಕಾಲದಲ್ಲಿ ಹೆಣ್ಣು ಕೊಡುವವರು ಜಾತಕ ಆಮೇಲೆ ನೋಡುತ್ತಾರೆ, ಮೊದಲು ರಿಟರ್ನ್ ನೋಡುತ್ತಾರೆ. ಕ್ಯಾಂಪಿನ ಹಿರಿಯರು ನಿಶ್ಚಯಕ್ಕೆ ಮೊದಲು ಹೊಸ ರಿಟರ್ನಿನ ಒಂದು ಪ್ರತಿ ತರಲು ಹೇಳಿದ್ದರು. ನನಗೆ ಅಳುಕೇನೂ ಇರಲಿಲ್ಲ. ಜೇಬಿನಲ್ಲಿ ಏನೂ ಇಲ್ಲದಿದ್ದರೂ ಕಾಗದದ ಮೇಲೆ ಆ ವರ್ಷ ನಾನು ಲಕ್ಷಾಧೀಶ. ಇಸ್ತ್ರಿ ಮಾಡಿದ ಅಂಗಿ ಹಾಕಿ, ಕೊಂಢವಾದ ಫ್ಲ್ಯಾಟಿನ ಬೀಗದ ಕೈ ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸುತ್ತ ಹೋದೆ.

ಹಿರಿಯರು ಕನ್ನಡಕ ಹಾಕಿಕೊಂಡು ಮೊದಲ ಪುಟದಿಂದ ಓದತೊಡಗಿದರು. ಜೀವನವಿಡೀ ಬೇರೆಯವರ ಬಿಲ್ಲು ತಪಾಸಣೆ ಮಾಡಿದವರು, ಹೆಸರಿನ ಕಾಗುಣಿತವನ್ನೂ ಬಿಡಲಿಲ್ಲ. ಶೇರಿನ ಲಾಭದ ಪುಟಕ್ಕೆ ಬಂದಾಗ ಹುಬ್ಬು ಮೇಲೆ ಹೋಯಿತು.

"ಅಬ್ಬಬ್ಬಬ್ಬ! ಒಂದ ವರ್ಷದಾಗ?" ಅಂದವರೇ ಅಡುಗೆಮನೆ ಕಡೆ ಕೂಗಿದರು. "ಏ ಕೇಳಿಸ್ತೇನ, ಅಳಿಯಂದ್ರಿಗೆ ಇನ್ನೊಂದು ಪ್ಲೇಟ್ ಉಪ್ಪಿಟ್ಟು ತಗೊಂಡ್ ಬಾ. ಮ್ಯಾಲ ತುಪ್ಪಾ ಹಾಕು!"

ನಾನು ಕಾಲ ಮೇಲೆ ಕಾಲು ಹಾಕಿಕೊಂಡೆ. ಹಿರಿಯರು ಪುಟ ತಿರುಗಿಸಿದರು. ಕೈಯಲ್ಲಿರುವ ಪ್ರೈವೇಟ್ ಶೇರಿನ ಕೋಷ್ಟಕ ಅದು: ವರ್ಷದ ಮೊದಲು ಎಷ್ಟಿತ್ತು, ಎಷ್ಟು ಮಾರಿದ್ದು, ಕೊನೆಗೆ ಎಷ್ಟು ಉಳಿಯಿತು.

"ಇದೇನ್ರಿ, ಕೊನೀಗೆ ಸೊನ್ನಿ ಅದಲ್ಲ?"

"ಮಾರಿದೆನ್ರಿ ಮಾವಾರ."

"ಎಷ್ಟು?"

"ಎಲ್ಲಾನೂ."

ತುಪ್ಪ ಹಾಕಿದ ಉಪ್ಪಿಟ್ಟಿನ ಪ್ಲೇಟು ಅಡುಗೆಮನೆಯ ಬಾಗಿಲಲ್ಲೇ ನಿಂತಿತು.

"ಹಂಗಾದ್ರ ಈಗ ನೀವು ಕಂಪನಿ ಮಾಲಕರಲ್ಲ."

"ಮಾಲಕ ಅಲ್ರಿ, ಆದ್ರ ಮನಿ ಆಗೇದ. ಇಲ್ಲಿ ನೋಡ್ರಿ ಬೀಗದ ಕೈ."

"ಮನಿ ಬಾಡಿಗೀದು. ಅದು ಎಲ್ಲಾರಿಗೂ ಸಿಗ್ತದ. ನಾ ನಮ್ಮ ಬೀಗರು-ಬಿಜ್ಜರಿಗೆಲ್ಲ ಮಾಲಕನಿಗೆ ಕೊಡ್ತೀನಿ ಅಂತ ಹೇಳೀನಿ. ಹೋಗ್ಲಿ, ಈ ಮೂರು ಲಕ್ಷ ಎಲ್ಲಿ ಇಟ್ಟೀರಿ?"

"ಅದು ಬಂದಿಲ್ರಿ. ಬಂದದ ಅಂತ ಸರ್ಕಾರ ತಿಳಕೊಂಡದ."

"ತೆರಿಗಿ?"

"ಅದು ಖರೇನೇ ಕಟ್ಟೀನ್ರಿ."

ಹಿರಿಯರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಬಹಳ ಹೊತ್ತು ಒರೆಸಿದರು. ಅವರಿಗೆ ನನ್ನ ಮೇಲೆ ಸಿಟ್ಟೇನೂ ಬಂದ ಹಾಗಿರಲಿಲ್ಲ. ಬಿಲ್ಲಿನಲ್ಲಿ ತಪ್ಪು ಸಿಕ್ಕಾಗ ಗುಮಾಸ್ತರು ಹೇಗೆ ಕೂರುತ್ತಾರೋ ಹಾಗೆ ಕೂತಿದ್ದರು, ಅಷ್ಟೇ.

"ಕೊಂಡವರು ಯಾರು?"

"ನಮ್ಮ ಸಾಹೇಬ್ರು. ಮಗನ ಹೆಸರಿಗೆ."

"ಅಂದ್ರ ಈಗ ಆ ಹುಡುಗ ಮಾಲಕ." ಕನ್ನಡಕ ಮತ್ತೆ ಮೂಗಿಗೇರಿತು. "ಅವಂದು ಲಗ್ನ ಆಗೇದೇನು?"

"ಇಲ್ರಿ."

"ನಮ್ಮ ಪೈಕಿನೇ ಅಲ್ಲೇನು ಅವರು, ಧಾರವಾಡದ ಕಡೆಯವರು?"

"ಹೌದ್ರಿ."

"ಏನ್ ಮಾಡ್ತಾನ?"

"ಅಣಬಿ ಬೆಳೀತಾನ್ರಿ." ನನ್ನ ಬಾಯಿಗೆ ಇಷ್ಟು ದಿನದ ಕಹಿಯೆಲ್ಲ ಬಂತು. "ಭಾಳ ನಷ್ಟದಾಗ ಅದಾನ್ರಿ ಮಾವಾರ. ಎಷ್ಟು ನಷ್ಟ ಅಂದ್ರ, ನನ್ನ ಲಕ್ಷಗಟ್ಲೆ ಅದರಾಗ ಮುಳುಗಿ ಹೋತು, ಅವನಿಗೆ ಒಂದು ಪೈಸಾ ತೆರಿಗಿ ಬೀಳಲಿಲ್ಲ!"

"ಒಂದು ಪೈಸಾನೂ?" ಹಿರಿಯರು ಮುಂದಕ್ಕೆ ಬಾಗಿದರು. "ನೀವು ಬರದ ದುಡ್ಡಿಗೆ ತೆರಿಗಿ ಕಟ್ಟೀರಿ, ಅವ ಬಂದ ಆಸ್ತಿಗೂ ಕಟ್ಟಿಲ್ಲ. ಶ್ಯಾಣ್ಯಾ ಅದಾನ ಹುಡುಗ." ಉಪ್ಪಿಟ್ಟಿನ ಪ್ಲೇಟಿಗೆ ಒಳಗೆ ಹೋಗು ಅಂತ ಕಣ್ಣಲ್ಲೇ ಸನ್ನೆ ಮಾಡಿ, ರಿಟರ್ನನ್ನು ಮಡಚಿ ನನ್ನ ಕೈಗಿಟ್ಟು, ಪೆನ್ನಿನ ಟೊಪ್ಪಿಗೆ ತೆಗೆದರು.

"ಫೋನ್ ನಂಬರ್ ಹೇಳ್ರಿ ಅವಂದು."